ಬಣ್ಣ ಬಳಿಯದ ಜಾಗ

ಹೊಳೆ ದಂಡೆಯ ಆಶ್ರಮದಲ್ಲಿ ಅಮ್ಮಾರು ಇದ್ದರು. ಅವರಿಗೆ ಇಬ್ಬರು ಶಿಷ್ಯರು. ಒಬ್ಬ ಒಳ್ಳೆಯವನು. ಇನ್ನೊಬ್ಬ ನಾನು.

ಒಳ್ಳೆಯವನ ಹೆಸರು ಶಾಂತಮಲ್ಲ. ನನ್ನ ಹೆಸರು ರಾಚ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮೂರು ಶಾಲೆಗಳು ನನ್ನನ್ನು ಓದಿ ಮುಗಿಸಿದ್ದವು. ನಾನು ಒಂದನ್ನೂ ಓದಿ ಮುಗಿಸಿರಲಿಲ್ಲ.

ಅಮ್ಮಾರು ಮೂವತ್ತು ವರ್ಷ ಸಿನಿಮಾ ಸ್ಟುಡಿಯೋದಲ್ಲಿ ರೀಲು ಕತ್ತರಿಸಿ ಅಂಟಿಸಿದವರು. ವಯಸ್ಸಾದ ಮೇಲೆ ಹೊಳೆ ದಂಡೆಗೆ ಬಂದು ಎರಡು ಹೆಂಚಿನ ಮನೆ ಕಟ್ಟಿಕೊಂಡರು. ಕೇಳಿ ಬಂದವರಿಗೆ ಎಡಿಟಿಂಗ್ ಕಲಿಸುತ್ತಿದ್ದರು. ಧ್ಯಾನ ಇಲ್ಲ, ಭಜನೆ ಇಲ್ಲ. ಅವರು ಮಾತು ಕಡಿಮೆ ಆಡುತ್ತಿದ್ದರು ಅಂತ ಜನ ಅದನ್ನು ಆಶ್ರಮ ಅಂದರು.

ಒಂದು ದಿನ ಶಾಂತಮಲ್ಲ ಊರಿನಿಂದ ಸುದ್ದಿ ತಂದ.

“ಅಮ್ಮಾರೆ, ಚೆಲುವಾಜವ್ವನ ಕಣ್ಣಿನ ನರ ಒಣಗ್ತಾ ಐತಂತೆ. ಯುಗಾದಿ ತನಕ ಕಾಣಬೌದು, ಆಮೇಲೆ ಹೇಳಕ್ಕಾಗಲ್ಲ ಅಂದವ್ರಂತೆ ಡಾಕ್ಟ್ರು.”

ಚೆಲುವಾಜವ್ವ ನಮ್ಮ ಸುತ್ತಿನ ಹಳ್ಳಿಗಳ ಸೂಲಗಿತ್ತಿ. ಶಾಂತಮಲ್ಲನನ್ನು ಹೊರಗೆ ತಂದವಳು ಅವಳು. ನನ್ನನ್ನೂ ಅವಳೇ ತಂದದ್ದು. ಅದಕ್ಕೆ ಊರವರು ಅವಳನ್ನು ಇನ್ನೂ ಬೈಯುತ್ತಿದ್ದರು.

ಅಮ್ಮಾರು ನಮ್ಮಿಬ್ಬರ ಕಡೆ ತಿರುಗಿದರು.

“ನಿಮ್ಮ ಮುಖಾನ ಎಲ್ಲರಿಗಿಂತ ಮುಂಚೆ ನೋಡಿದ್ಯಾರು?”

“ಚೆಲುವಾಜವ್ವ.”

“ಆಮೇಲೆ ಯಾವಾಗ ಹೋಗಿ ಅವಳಿಗೆ ಮುಖ ತೋರ್ಸಿದ್ರಿ?”

ಶಾಂತಮಲ್ಲ ನನ್ನನ್ನು ನೋಡಿದ. ನಾನು ಶಾಂತಮಲ್ಲನನ್ನು ನೋಡಿದೆ.

“ಅವಳ ಕೈಯಲ್ಲಿ ಹುಟ್ಟಿದೋರೆಲ್ಲ ಫೋನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ಕಳಿಸ್ಲಿ. ಮುಖ ತೋರ್ಸಿ ಹೆಸರು ಹೇಳ್ಲಿ, ಸಾಕು. ಎಲ್ಲಾನೂ ಹೊಲಿದು ಒಂದು ಸಿನಿಮಾ ಮಾಡಾನ. ಯುಗಾದಿಗೆ ಮುಂಚೆ ನೋಡ್ಬುಡ್ಲಿ.”

ಹದಿನೈದು ದಿನದಲ್ಲಿ ಮುನ್ನೂರ ಹನ್ನೊಂದು ವಿಡಿಯೋ ಬಂದವು.

ಆಶ್ರಮದಲ್ಲಿದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಒಂದು ಕಟ್ ಕೊಟ್ಟು ಹೊಳೆಗೆ ಹೋಗಿ ಮಿಂದು ಬಂದರೂ ಅದು ಇನ್ನೂ ಯೋಚನೆ ಮಾಡುತ್ತಿರುತ್ತಿತ್ತು. ನಾಲ್ಕನೇ ವಿಡಿಯೋ ಹಾಕಿದಾಗ ನಮಸ್ಕಾರ ಹೇಳಿ ಮಲಗಿಬಿಟ್ಟಿತು.

“ಹೊಸ ಕಂಪ್ಯೂಟರ್ ತರಾನಾ ಅಮ್ಮಾರೆ?” ಅಂದೆ.

“ಕಟ್ಟಾನ,” ಅಂದರು.

ಸುದ್ದಿ ಹರಡಿತು. ಸಾಮಾನು ಒಂದೊಂದಾಗಿ ಬರತೊಡಗಿತು.

ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಬಂದದ್ದು ಮುಚ್ಚಿಹೋದ ಫೋಟೋ ಸ್ಟುಡಿಯೋದಿಂದ. ಗ್ರಾಫಿಕ್ಸ್ ಕಾರ್ಡನ್ನು ಒಬ್ಬ ತಾಯಿ ತಂದಳು. ಮಗನಿಗೆ ಪರೀಕ್ಷೆ ಹತ್ತಿರ ಬಂದಿತ್ತಂತೆ. ಅವನು ಆಟ ಆಡುತ್ತಿದ್ದ ಕಂಪ್ಯೂಟರಿನ ಹೊಟ್ಟೆಯಿಂದಲೇ ಕಿತ್ತು ತಂದಿದ್ದಳು. “ಚೆಲುವಾಜವ್ವನ ಹೆಸರಲ್ಲಿ ಇಟ್ಕೊಳ್ಳಿ. ವಾಪಸ್ ಮಾತ್ರ ಕೊಡಬ್ಯಾಡಿ,” ಅಂದಳು.

ಸಂತೆ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಮುಬೀನಕ್ಕ ಎರಡು ರ‍್ಯಾಮ್ ಕೊಟ್ಟಳು. ಬೆರಳಗಲದ ಉದ್ದನೆಯ ಎರಡು ಪಟ್ಟಿ.

“ಇದೇನು ಮಾಡ್ತದೆ ಅಮ್ಮಾರೆ?”

“ದರ್ಜಿ ಮೇಜು ನೋಡಿದ್ಯಾ? ಮೇಜು ದೊಡ್ಡದಿದ್ರೆ ಬಟ್ಟೆ ಪೂರ್ತಿ ಹರಡಿ ಕತ್ತರಿಸ್ಬೌದು. ಚಿಕ್ಕದಿದ್ರೆ ಮಡಿಸಿ ಮಡಿಸಿ ಕತ್ತರಿಸ್ಬೇಕು. ಇದು ಮೇಜು.”

ಮದುವೆ ಪಾತ್ರೆಗೆ ಹೆಸರು ಹಾಕಿಸುವ ಹಾಗೆ ಅಮ್ಮಾರು ಒಂದೊಂದು ಸಾಮಾನಿಗೂ ಕೊಟ್ಟವರ ಹೆಸರು ಬರೆದ ಚೀಟಿ ಅಂಟಿಸಿದರು. ಹೆಸರು ಬರೆಯುವ ಕೆಲಸ ನನ್ನದು. ಗ್ರಾಫಿಕ್ಸ್ ಕಾರ್ಡಿನ ಮೇಲೆ ನಾನು ಬರೆದದ್ದು, ‘ಪರೀಕ್ಷೆಯ ಭಯ’. ಅಮ್ಮಾರು ಅಳಿಸಿ ಬರೆಸಿದರು.

ಎಲ್ಲವನ್ನೂ ಕೂರಿಸಲು ಪೆಟ್ಟಿಗೆ ಬೇಕಲ್ಲ. ಅಮ್ಮಾರು ತಮ್ಮ ಸ್ಟುಡಿಯೋ ಕಾಲದ ಕಬ್ಬಿಣದ ಟ್ರಂಕನ್ನು ವೆಲ್ಡಿಂಗ್ ಮಾದಪ್ಪನಿಗೆ ಕೊಟ್ಟರು. ಅವನು ಗಾಳಿಗೆ ತೂತು ಕೊರೆದು, ಫ್ಯಾನಿಗೆ ಜಾಗ ಮಾಡಿ, ಹಸಿರು ಬಣ್ಣ ಬಳಿಯತೊಡಗಿದ.

“ನಿಲ್ಸಪ್ಪ,” ಅಂದರು ಅಮ್ಮಾರು. “ಇಲ್ಲಿ ಕೈಯಗಲ ಜಾಗಕ್ಕೆ ಬಣ್ಣ ಬೇಡ.”

“ತುಕ್ಕು ಹಿಡಿತದೆ ಅಮ್ಮಾರೆ.”

“ದಿನಾ ಮುಟ್ಟೋ ಜಾಗಕ್ಕೆ ತುಕ್ಕು ಹಿಡಿಯಲ್ಲ ಬುಡು.”

ಆ ಜಾಗದ ಪಕ್ಕದಿಂದ ಒಂದು ತಂತಿ ಎಳೆದು ಹೊರಗಿನ ಬೋರ್‌ವೆಲ್ ಪೈಪಿಗೆ ಸುತ್ತಿಸಿದರು. ಆ ಪೈಪು ನೆಲದ ಹೊಟ್ಟೆಯ ತನಕ ಹೋಗಿತ್ತು.

ಮಾರನೆಯ ದಿನ ಕಟ್ಟುವ ಕೆಲಸ ಶುರು. ನಾನು ಮದರ್‌ಬೋರ್ಡಿಗೆ ಕೈ ಹಾಕಿದೆ.

“ಮೊದ್ಲು ಕಬ್ಬಿಣ ಮುಟ್ಟು,” ಅಂದರು ಅಮ್ಮಾರು.

“ಯಾಕಮ್ಮಾರೆ?”

“ಮೈಮೇಲಿರೋದನ್ನ ಇಳ್ಸು.”

“ಮೈಮೇಲೆ ಅಂಗಿ ಒಂದೇ ಅಲ್ವಾ ಇರೋದು?”

“ಅಂಗಿ ಅಲ್ಲ.”

ಅವರು ಕಿಟಕಿ ಮುಚ್ಚಿದರು. ಮೂಲೆಯಲ್ಲಿದ್ದ ಕಂಬಳಿಯನ್ನು ನನ್ನ ನೈಲಾನ್ ಅಂಗಿಯ ಮೇಲೆ ನಾಲ್ಕು ಸಲ ಎಳೆದರು. ಮಾಗಿ ಮುಗಿಯುವ ಹೊತ್ತಿನ ಒಣಗಾಳಿ. ಅಂಗಿ ಚಟಚಟ ಅಂದಿತು. ನನ್ನ ಬೆರಳು ಹಿಡಿದು ಬಣ್ಣ ಬಳಿಯದ ಜಾಗದ ಹತ್ತಿರ ತಂದರು. ಬೆರಳಿಗೂ ಕಬ್ಬಿಣಕ್ಕೂ ನಡುವೆ ನೀಲಿ ಕಿಡಿ ಹಾರಿತು.

“ಅಯ್ಯಪ್ಪಾ!”

“ನಿಂಗೆ ಚುರುಕ್ ಅಂತು. ಇವುಕ್ಕೆ ಅಷ್ಟರಲ್ಲೇ ಜೀವ ಹೋಯ್ತದೆ. ಸತ್ತಿದ್ದೂ ಗೊತ್ತಾಗಲ್ಲ, ಗಾಯ ಕಾಣಲ್ಲ. ಅದಕ್ಕೆ, ಮುಟ್ಟೋ ಮುಂಚೆ ಕಬ್ಬಿಣ.”

ಅಮ್ಮಾರು ಎರಡು ಪಾಠ ಹೇಳಿದ್ದರು. ಕಬ್ಬಿಣ ಮುಟ್ಟಿದರೆ ಕಿಡಿ ಇಳಿಯುತ್ತದೆ ಅನ್ನುವುದು ಒಂದು. ಕಂಬಳಿ ಉಜ್ಜಿದರೆ ಕಿಡಿ ಹುಟ್ಟುತ್ತದೆ ಅನ್ನುವುದು ಇನ್ನೊಂದು.

ನಾನು ಕಲಿತದ್ದು ಎರಡನೆಯದನ್ನು.

ಅವತ್ತು ಸಂಜೆಯೊಳಗೆ ಹಾಲಿನವನ ಮೊಣಕೈಗೆ ಒಂದು, ಬೆಕ್ಕಿನ ಮೂಗಿಗೆ ಒಂದು. ಬೆಕ್ಕು ಎರಡು ದಿನ ಮನೆಗೆ ಬರಲಿಲ್ಲ. ಶಾಂತಮಲ್ಲನ ಕಿವಿಗೆ ಎಷ್ಟು ಅಂತ ಲೆಕ್ಕ ಇಡಲಿಲ್ಲ. ಕಿವಿಗೆ ಕೊಟ್ಟರೆ ಅವನು ಕುದುರೆಯ ಹಾಗೆ ತಲೆ ಒದರುತ್ತಿದ್ದ. ಚೆನ್ನಾಗಿರುತ್ತಿತ್ತು.

ಮೂರನೆಯ ದಿನ ರ‍್ಯಾಮ್ ಕೂರಿಸಬೇಕಿತ್ತು. ಅಮ್ಮಾರು ಹೊರಗೆ ಪಂಪಿನ ಹತ್ತಿರ ಇದ್ದರು.

ಶಾಂತಮಲ್ಲ ಕಬ್ಬಿಣ ಮುಟ್ಟಿದ. ರ‍್ಯಾಮನ್ನು ಹಸುಗೂಸಿನ ಹಾಗೆ ಎತ್ತಿಕೊಂಡ. ಒಂದನ್ನು ಕೂರಿಸಿದ. ಇನ್ನೊಂದು ಅರ್ಧ ಇಳಿದಿತ್ತು.

ನಾನು ಹಿಂದಿನಿಂದ ಹೋದೆ. ಕಂಬಳಿ ಮೊದಲೇ ಉಜ್ಜಿಕೊಂಡಿದ್ದೆ. ಅವತ್ತು ಯಾವತ್ತಿಗಿಂತ ಜಾಸ್ತಿ.

ಕಿವಿಗೆ ಬೆರಳು ತಂದೆ.

ಚಟ್!

ಶಾಂತಮಲ್ಲ ಬೆಚ್ಚಿದ. ರ‍್ಯಾಮ್ ಟಕ್ ಅಂತ ಒಳಗೆ ಕೂತಿತು.

“ಥೂ! ಕೆಲ್ಸ ಮಾಡೋವಾಗ ಬ್ಯಾಡ ಕಣ್ಲಾ!”

“ಕೂತ್ಕತಲ್ಲ ನೋಡು. ನಾನು ಸಹಾಯ ಮಾಡಿದ್ದು,” ಅಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವನೂ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಹಾರ್ಡ್ ಡಿಸ್ಕ್ ಒಂದು ಬಿಟ್ಟು ಎಲ್ಲ ಕೂಡಿಸಿ ಆಗಿತ್ತು. ಅಮ್ಮಾರು ಬಂದು ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು.

ಒಳಗಿದ್ದ ಸಣ್ಣ ಸ್ಪೀಕರು ಕೂಗತೊಡಗಿತು. ಬೀಪ್… ಬೀಪ್… ಬೀಪ್… ಕಳೆದುಹೋದ ಕುರಿಮರಿಯ ಹಾಗೆ.

“ಏನಂತದೆ ಅಮ್ಮಾರೆ?” ಶಾಂತಮಲ್ಲನ ದನಿ ಸಣ್ಣಗಾಗಿತ್ತು.

“ಮೇಜು ಕಾಣ್ತಿಲ್ಲ ಅಂತದೆ.”

ಎರಡೂ ರ‍್ಯಾಮ್ ಬಿಚ್ಚಿದರು. ಒಂದನ್ನೇ ಹಾಕಿದರು. ಪರದೆ ಬೆಳಗಿತು. ಅದನ್ನು ತೆಗೆದು ಇನ್ನೊಂದನ್ನು ಹಾಕಿದರು. ಬೀಪ್… ಬೀಪ್… ಬೇರೆ ಜಾಗದಲ್ಲಿ ಹಾಕಿ ನೋಡಿದರು. ಬೀಪ್.

ಸತ್ತ ರ‍್ಯಾಮನ್ನು ಅಮ್ಮಾರು ಬೆಳಕಿಗೆ ಹಿಡಿದರು. ಗಾಯ ಇಲ್ಲ, ಮಸಿ ಇಲ್ಲ. ಮುಬೀನಕ್ಕನ ಹೆಸರಿನ ಚೀಟಿ ಮಾತ್ರ ಇತ್ತು. ನಾನೇ ಬರೆದದ್ದು.

“ನನ್ ಕೈ ಅದುರ್ಬುಡ್ತು ಅಮ್ಮಾರೆ,” ಅಂದ ಶಾಂತಮಲ್ಲ. “ನನ್ನಿಂದ್ಲೇ ಆಗಿದ್ದು.”

ಕೈ ಯಾಕೆ ಅದುರಿತು ಅಂತ ಅವನು ಹೇಳಲಿಲ್ಲ. ಅಮ್ಮಾರು ಕೇಳಲಿಲ್ಲ.

ನಾನು ಬಾಯಿ ತೆಗೆದೆ. ಯಾವಾಗಲೂ ಅದರಿಂದ ಏನಾದರೊಂದು ತಮಾಷೆ ಬರುತ್ತಿತ್ತು. ಅವತ್ತು ಏನೂ ಬರಲಿಲ್ಲ. ಮುಚ್ಚಿಕೊಂಡೆ.

“ಆಯ್ತು,” ಅಂದರು ಅಮ್ಮಾರು. ಅಷ್ಟೇ.

ಅವತ್ತಿನಿಂದ ಶಾಂತಮಲ್ಲ ಕಂಪ್ಯೂಟರ್ ಇದ್ದ ಮನೆಗೆ ಕಾಲಿಡಲಿಲ್ಲ. ಹೊಳೆ ದಂಡೆಯಲ್ಲಿ ಕೂತು ಪಾತ್ರೆ ತೊಳೆದ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದ.

ಅಮ್ಮಾರು ನನ್ನನ್ನು ಕರೆದರು.

“ಅವನ ಜಾಗದಲ್ಲಿ ನೀನು ಕೂತ್ಕೊ.”

“ನಾನಾ?”

“ನಿನ್ ಕೈ ಅದುರಲ್ಲ ಅಲ್ವಾ?”

ಕೂತೆ. ಹಾರ್ಡ್ ಡಿಸ್ಕ್ ಹಾಕಬೇಕಿತ್ತು. ಕಬ್ಬಿಣ ಮುಟ್ಟಿದೆ. ಅಂಗಿ ಬದಲಾಯಿಸಿದ್ದೆ, ಕಂಬಳಿಯ ಹತ್ತಿರ ಹೋಗಿರಲಿಲ್ಲ, ಕಿಡಿ ಹಾರಲಿಲ್ಲ. ಆದರೂ ಕೈ ತೆಗೆಯಲು ಆಗಲಿಲ್ಲ.

“ಇಳೀತಾ?” ಅಂದರು ಅಮ್ಮಾರು.

“ಇಲ್ಲ ಅಮ್ಮಾರೆ.”

“ಇನ್ನೊಂದ್ಸಲ ಮುಟ್ಟು.”

ಮುಟ್ಟಿದೆ.

“ಈಗ?”

“ಇಲ್ಲ.”

“ಏನಿರಬೌದು ಅದು, ಕಬ್ಬಿಣಕ್ಕೂ ಇಳೀದೇ ಇರೋದು?” ಅಂದು ಅವರು ಎದ್ದು ನೀರು ಕುಡಿಯಲು ಹೋದರು.

ಎರಡು ದಿನ ಹೀಗೇ ಆಯಿತು. ಒಂದು ಸ್ಕ್ರೂ ತಿರುಗಿಸುವುದಕ್ಕೂ ಮೊದಲು ಕಬ್ಬಿಣ. ಪ್ರತಿ ಸಲವೂ ಅದೇ ಪ್ರಶ್ನೆ. ಕಿಟಕಿಯಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಯುಗಾದಿಗೆ ಇಪ್ಪತ್ತೆರಡು ದಿನ ಉಳಿದಿತ್ತು.

ಮೂರನೆಯ ದಿನ ಬೆಳಿಗ್ಗೆ ಅಮ್ಮಾರು ಹೊಳೆಯಲ್ಲಿ ಬಟ್ಟೆ ಜಾಲಿಸುತ್ತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

“ಅಮ್ಮಾರೆ, ಆ ರ‍್ಯಾಮ್ ಸಾಯಿಸಿದ್ದು ನಾನು.”

ಅವರು ಸೀರೆ ಹಿಂಡಿದರು.

“ಶಾಂತಮಲ್ಲನ ಕಿವಿಗೆ ಕಿಡಿ ಕೊಟ್ಟೆ. ಅದು ಅವನ ಕೈಲಿತ್ತು. ಕಿವಿಯಿಂದ ಕೈಗೆ, ಕೈಯಿಂದ ಅದಕ್ಕೆ ಹೋಯ್ತು.”

“ಅದಕ್ಕೂ ಮುಂಚೆ ಆ ಕಿಡಿ ಎಲ್ಲಿತ್ತು?”

“ನನ್ ಮೈಮೇಲೆ.”

“ಅದಕ್ಕೂ ಮುಂಚೆ?”

“ಕಂಬಳೀಲಿ.”

“ಕಂಬಳಿ ಮೂಲೇಲಿ ಬಿದ್ದಿದ್ದಾಗ ಇತ್ತಾ?”

“…ಇಲ್ಲ.”

“ಮತ್ತೆ?”

“ಉಜ್ಜಿದ್ದು ನಾನು ಅಮ್ಮಾರೆ.”

“ಇಳ್ಸಕ್ಕೆ ಕಬ್ಬಿಣ ಎಷ್ಟು ದೂರ ಇತ್ತು?”

“ಒಂದು ಮೊಳ.”

“ಅದನ್ನ ಬುಟ್ಟು ಕಿವಿ ಹುಡುಕ್ಕೊಂಡು ಹೋದೆ.”

ನಾನು ತಲೆ ತಗ್ಗಿಸಿದೆ. ಇನ್ನು ಗಂಟು ಕಟ್ಟು ಅನ್ನುತ್ತಾರೆ ಅಂದುಕೊಂಡೆ. ಮೂರು ಶಾಲೆಯಲ್ಲೂ ಈ ಹೊತ್ತಿಗೆ ಅದನ್ನೇ ಅಂದಿದ್ದರು.

ಅಮ್ಮಾರು ಹಿಂಡಿದ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟರು.

“ಹಿಡ್ಕೊ. ಒಣಗಾಕಾನ.”

ಇಬ್ಬರೂ ಸೀರೆ ಹರವಿದೆವು.

“ನಂಗೆ ಹೇಳಿದ್ದಾಯ್ತು. ಇನ್ನಿಬ್ರು ಅವ್ರೆ,” ಅಂದರು.

ಶಾಂತಮಲ್ಲ ಅದೇ ತಪ್ಪಲೆಯನ್ನು ತಿಕ್ಕುತ್ತಿದ್ದ. ನನ್ನನ್ನು ನೋಡಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಕೈಯಲ್ಲಿದ್ದ ಬೂದಿ ಕಿವಿಗೆಲ್ಲ ಆಯಿತು.

“ಅದುಕ್ಕಲ್ಲ ಬಂದಿದ್ದು. ಅಮ್ಮಾರಿಗೆ ಹೇಳ್ಬುಟ್ಟೆ, ನಾನೇ ಮಾಡಿದ್ದು ಅಂತ.”

“ಹೂಂ.”

“ನಿಂಗೆ ಗೊತ್ತಿತ್ತಾ?”

“ಕಿವಿ ನಂದಲ್ವೇನ್ಲಾ?”

“ಮತ್ಯಾಕ್ಲಾ ಹೇಳ್ಲಿಲ್ಲ?”

ಅವನು ತಪ್ಪಲೆ ತಿರುಗಿಸಿ ತಳ ತಿಕ್ಕಿದ.

“ನಂಗೆ ಇದು ಮೊದಲ್ನೇ ಜಾಗ. ನಿಂಗೆ ನಾಲ್ಕನೇದು.”

ನಾನು ಅವನ ಮುಂದೆ ಕೂತು ಕಿವಿ ಕೊಟ್ಟೆ. “ಹಿಂಡು.”

ಅವನು ಬೇಡ ಅಂತಾನೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಚೆನ್ನಾಗಿಯೇ ಹಿಂಡಿದ. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಅಂತ ಹೇಳಿಕೊಂಡೆ.

ಮುಬೀನಕ್ಕನ ಅಂಗಡಿಗೆ ನಡೆದುಹೋದೆ. ಬಾಗಿಲ ಮುಂದೆ ಏಳೆಂಟು ಜನ ನಿಂತಿದ್ದರು. ನಾನೂ ಕೊನೆಯಲ್ಲಿ ನಿಂತೆ.

“ಏನಕ್ಕಾ, ಒಂದು ಅರ್ಜಿ ತೆಗೆಯಕ್ಕೆ ಇಷ್ಟೊತ್ತಾ? ಮುಂಚೆ ಇಂಗಿರ್ಲಿಲ್ವಲ್ಲ?” ಮುಂದಿದ್ದವನು ಗೊಣಗಿದ.

“ಯುಗಾದಿ ತನಕ ಇಂಗೇ. ಕೂತ್ಕಳಣ್ಣ, ನೀರು ಕುಡಿ,” ಅಂದಳು ಮುಬೀನಕ್ಕ.

ಆಗ ನನಗೆ ಹೊಳೆಯಿತು. ಅವಳು ಕೊಟ್ಟದ್ದು ಮಿಕ್ಕ ಸಾಮಾನಲ್ಲ. ತನ್ನ ಮೇಜನ್ನೇ ಮುರಿದು ಕೊಟ್ಟು, ಉಳಿದ ತುಂಡಿನ ಮೇಲೆ ಇಡೀ ಸಂತೆ ಬೀದಿಯ ಕೆಲಸ ಮಾಡುತ್ತಿದ್ದಳು.

ನನ್ನ ಸರದಿ ಬಂತು.

“ಏನಪ್ಪ, ಜೆರಾಕ್ಸಾ, ಫೋಟೋನಾ?”

“ತಪ್ಪು ಒಪ್ಕೊಳಕ್ಕೆ ಬಂದಿವ್ನಿ ಅಕ್ಕ.”

“ಅದ್ಕೆ ಎಷ್ಟು ಕಾಪಿ ಬೇಕು?”

ನಾನು ನಗಲಿಲ್ಲ. ಅವಳು ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. ಎಲ್ಲ ಹೇಳಿದೆ. ಕಂಬಳಿ, ಕಿವಿ, ಚಟ್ ಅಂದದ್ದು, ಚೀಟಿಯ ಮೇಲೆ ಅವಳ ಹೆಸರಿದ್ದದ್ದು.

ಅವಳು ಎದ್ದು ತನ್ನ ಕಂಪ್ಯೂಟರಿನ ಸ್ವಿಚ್ ಆರಿಸಿದಳು. ಪಕ್ಕದ ಮುಚ್ಚಳಕ್ಕೆ ಕೈ ಹಾಕಿದಳು.

“ಏನ್ಮಾಡ್ತಿದೀಯ ಅಕ್ಕ?”

“ಇನ್ನೊಂದೈತಲ್ಲ. ತಗೊಂಡೋಗು. ಯುಗಾದಿ ತನಕ ಪೆನ್ನಲ್ಲೇ ಬರ್ಕೊಡ್ತೀನಿ.”

“ಬ್ಯಾಡಕ್ಕ!” ನಾನು ಅವಳ ಕೈ ಹಿಡಿದುಕೊಂಡೆ. “ಬ್ಯಾಡ. ಅಲ್ಲೂ ಒಂದು ಉಳ್ಕೊಂಡೈತೆ. ಅದ್ರಲ್ಲೇ ಮಾಡ್ತೀವಿ. ನಾನು ಮಾಡ್ತೀನಿ.”

ನನ್ನ ಹಿಂದೆ ಬಂದು ನಿಂತವರು ಕತ್ತು ಚಾಚಿ ನೋಡಿದರು.

ಮುಬೀನಕ್ಕ ಮತ್ತೆ ಕೂತಳು.

“ಕಿಡಿ ಇಳಿಸ್ಬೇಕು ಅಂದ್ಯಲ್ಲ, ನಂಗೊಂದು ನೆಪ್ಪಾಯ್ತು. ನನ್ ದೊಡ್ಡ ಮಗ ಹುಟ್ಟಿದ್ದು ಗೂಡ್ಸ್ ಆಟೋದಲ್ಲಿ. ಆಸ್ಪತ್ರೆ ದಾರೀಲಿ ನೋವು ಜಾಸ್ತಿ ಆಗೋಯ್ತು. ನಮ್ಮತ್ತೆ ಡ್ರೈವರ್ ಜೊತೆ ಜಗಳ, ಡ್ರೈವರು ಎಲ್ಲಾರ್ ಜೊತೆ ಜಗಳ. ಚೆಲುವಾಜವ್ವ ಓಡ್ಕೊಂಡು ಬಂದ್ಲು. ಬಂದೋಳೇ ಆಟೋದ ಕಂಬಿ ಹಿಡ್ಕೊಂಡು ಕಣ್ಮುಚ್ಚಿ ನಿಂತ್ಬುಟ್ಲು. ನಾನು ಅರಚ್ತಿದೀನಿ, ‘ಬಾರವ್ವ, ಸಾಯ್ತೀನಿ’ ಅಂತ. ‘ತಡಿ ಮಗ. ದಾರೀದೆಲ್ಲ ಮೈಮೇಲೈತೆ, ಇಳೀಲಿ. ಆಮೇಲೆ ನಿನ್ನ ಮುಟ್ತೀನಿ’ ಅಂದ್ಲು.”

ಮುಬೀನಕ್ಕ ಆರಿಸಿದ್ದ ಸ್ವಿಚ್ಚನ್ನು ಮತ್ತೆ ಒತ್ತಿದಳು.

“ಹೋಗು. ಸಿನಿಮಾ ಮಾಡು. ನನ್ ಮಗನ್ನ ಒಸಿ ಬೆಳ್ಳಗೆ ತೋರ್ಸು.”

ವಾಪಸ್ ಬಂದು ಅಮ್ಮಾರಿಗೆ ಕಂಬಿಯ ಕಥೆ ಹೇಳಿದೆ. ಅವರು ನಕ್ಕರು.

“ಮೇಜು ಅರ್ಧ ಆಗೋಯ್ತಲ್ಲ ಅಮ್ಮಾರೆ. ಮುನ್ನೂರ ಹನ್ನೊಂದು ಬಟ್ಟೆ. ಎಂಗೆ?”

“ಒಂದೊಂದು ವಿಡಿಯೋಗೂ ಒಂದು ಚಿಕ್ಕ ನಕಲು ಮಾಡ್ಕೊ. ಕತ್ತರಿಸೋದು, ಜೋಡ್ಸೋದು ಎಲ್ಲ ಚಿಕ್ಕದರಲ್ಲಿ. ಕೊನೇಲಿ ಚಿಕ್ಕದನ್ನ ತೆಗೆದು ಅದೇ ಜಾಗಕ್ಕೆ ದೊಡ್ಡದನ್ನ ಕೂರ್ಸು. ಹೊತ್ತು ಹಿಡಿತದೆ. ಆಯ್ತದೆ.”

“ನಕಲು ಆಗೋ ತನಕ ನಾನೇನ್ ಮಾಡ್ಲಿ?”

“ನೋಡು.”

ನೋಡಿದೆ. ಶಾಂತಮಲ್ಲ ಮತ್ತೆ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಪ್ರತಿ ಸಲ ಕಬ್ಬಿಣ ಮುಟ್ಟಿ ಕೂರುತ್ತಿದ್ದೆವು. ಪೆಟ್ಟಿಗೆ ಮುಚ್ಚಿಯಾಗಿತ್ತು, ಮುಟ್ಟುವ ಅಗತ್ಯ ಇರಲಿಲ್ಲ. ಆದರೂ ಮುಟ್ಟುತ್ತಿದ್ದೆವು.

ಲಾರಿಯ ಸ್ಟೇರಿಂಗ್ ಹಿಡಿದವನೊಬ್ಬ, “ಅವ್ವಾ, ನಾನೀಗ ಹದಿನಾಲ್ಕು ಚಕ್ರ ಓಡಿಸ್ತೀನಿ” ಅಂದ. ಪೊಲೀಸ್ ಟೋಪಿ ಹಾಕಿದವಳೊಬ್ಬಳು ಸೆಲ್ಯೂಟ್ ಹೊಡೆದಳು. ಅವಳಿ ಜವಳಿ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದು, “ಮೊದ್ಲು ಬಂದಿದ್ದು ನಾನಲ್ವಾ ಅವ್ವ? ಹೇಳವ್ವ ಇವ್ನಿಗೆ” ಅಂದರು. ಒಬ್ಬ ಮುದುಕ ಬಂದ. ಅರವತ್ತು ದಾಟಿತ್ತು. “ನೀನು ಮುಟ್ಟಿದ ಮೊದಲ್ನೇ ಕೂಸು ನಾನೇ ಅಂತೆ. ನಿಂಗಾಗ ಹದಿನಾರು ವರ್ಸವಂತೆ” ಅಂದು ಕ್ಯಾಮರಾಗೆ ಕೈ ಮುಗಿದ.

ಮುಬೀನಕ್ಕನ ಮಗ ಬಂದ. ಬೆಳ್ಳಗೆ ಮಾಡಿದೆ. ಶಾಂತಮಲ್ಲ ನೋಡಿ, “ಸುಣ್ಣ ಬಳ್ದಂಗೈತೆ” ಅಂದ. ಸ್ವಲ್ಪ ಇಳಿಸಿದೆ.

ಇನ್ನೂರ ನಲವತ್ತನೆಯದೋ ಏನೋ, ಪರದೆಯ ಮೇಲೆ ನಮ್ಮಪ್ಪ ಬಂದ.

ಅಪ್ಪ ಇಟ್ಟಿಗೆ ಗೂಡಿನ ಮುಂದೆ ನಿಂತಿದ್ದ. ಮುಖಕ್ಕೆಲ್ಲ ಕೆಂಪು ಧೂಳು. ಯಾರೋ ಫೋನ್ ಹಿಡಿದಿದ್ದರು. ಅಪ್ಪ ವಿಡಿಯೋ ಕಳಿಸಿದ್ದು ನನಗೆ ಗೊತ್ತೇ ಇರಲಿಲ್ಲ.

“ಅವ್ವಾ, ನಾನು ನಿಮ್ ಕೈಲಿ ಹುಟ್ಟಿದೋನಲ್ಲ. ನನ್ ಮಗ ಹುಟ್ಟಿದ್ದು. ರಾಚ. ಕಾಲು ಮುಂದಾಗಿ ಬಂದ, ನೆಪ್ಪೈತಾ? ಒದ್ಕೊಂಡೇ ಬಂದ. ಎಲ್ರೂ ಇಬ್ರಲ್ಲಿ ಒಬ್ರು ಉಳಿಯಲ್ಲ ಅಂದಿದ್ರು. ಬೆಳಿಗ್ಗೆಯಿಂದ ಸಂಜೆ ತನಕ ಬಿಟ್ಟು ಕದಲ್ನಿಲ್ಲ ನೀವು. ಈಚೆಗೆ ಬಂದು, ಇಬ್ರೂ ಚೆನ್ನಾಗವ್ರೆ, ನಿನ್ ಮಗ ನನ್ ಮೂತಿಗೆ ಒದ್ದ ಕಣಪ್ಪ, ಅಂತ ನಕ್ಕೊಂಡು ಹೇಳಿದ್ರಿ. ತುಟಿ ಊದ್ಕೊಂಡಿತ್ತು. ಅವನು ಈಗ್ಲೂ ಅಂಗೇ ಅವ್ನೆ ಅವ್ವಾ. ಆದ್ರೆ ಅವ್ನೆ. ಅಷ್ಟು ಸಾಕು ನಂಗೆ.”

ವಿಡಿಯೋ ಮುಗಿಯಿತು.

ಶಾಂತಮಲ್ಲ ನನ್ನ ಕಡೆ ನೋಡಲಿಲ್ಲ. ಎದ್ದು ಹೊರಗೆ ಹೋಗಿ ಪಂಪು ಒತ್ತತೊಡಗಿದ. ನೀರು ಬೇಕಿರಲಿಲ್ಲ.

ನಾನು ಅದನ್ನು ಇನ್ನೊಂದು ಸಲ ಹಾಕಿದೆ. ಮತ್ತೊಂದು ಸಲ. ಅದರಲ್ಲಿ ಒಂದು ಕಟ್ ಕೂಡ ಹಾಕಲು ಆಗಲಿಲ್ಲ.

ಅಮ್ಮಾರು ಬಾಗಿಲಲ್ಲಿ ನಿಂತಿದ್ದರು.

“ಮುನ್ನೂರ ಹನ್ನೊಂದು ಜನ ಮುಖ ತೋರ್ಸವ್ರೆ. ನಿಂದೆಲ್ಲಿ?”

“ಮಾಡಿಲ್ಲ ಅಮ್ಮಾರೆ.”

“ಯಾಕೆ?”

“ತಮಾಷೆಯಾಗಿ ಏನ್ ಹೇಳಾದು ಅಂತ ಯೋಚ್ನೆ ಮಾಡ್ತಿದ್ದೆ.”

“ಸಿಕ್ತಾ?”

“ಇಲ್ಲ.”

“ಒಳ್ಳೇದಾಯ್ತು,” ಅಂದು ಅವರು ಹೋದರು.

ಯುಗಾದಿಗೆ ಮೂರು ದಿನ ಇರುವಾಗ ಚಿಕ್ಕ ನಕಲುಗಳೆಲ್ಲ ಹೋಗಿ ದೊಡ್ಡವು ಅವುಗಳ ಜಾಗದಲ್ಲಿ ಕೂತವು. ಮೇಜು ಅರ್ಧ ಇದ್ದರೂ ಕಂಪ್ಯೂಟರು ಒಂದಿಡೀ ಹಗಲು ಕೆಲಸ ಮಾಡಿತು. ಫ್ಯಾನು ಏದುಸಿರು ಬಿಟ್ಟಿತು. ನಿಲ್ಲಲಿಲ್ಲ.

ಮಾರನೆಯ ಮಧ್ಯಾಹ್ನ ಮಾದಪ್ಪನ ಗಾಡಿಯಲ್ಲಿ ಚೆಲುವಾಜವ್ವನನ್ನು ಕರೆದುಕೊಂಡು ಬಂದರು. ಸಣ್ಣ ಹೆಂಗಸು. ಕೈ ಮಾತ್ರ ದೊಡ್ಡವು. ಹೊಸ್ತಿಲಲ್ಲಿ ಬಾಗಿಲ ಚಿಲಕ ಹಿಡಿದು ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಬಂದಳು.

ಬೆಳಕು ಬರದಿರಲಿ ಅಂತ ಶಾಂತಮಲ್ಲ ಕಿಟಕಿಗೆ ಕಂಬಳಿ ಕಟ್ಟಿದ. ಅದೇ ಕಂಬಳಿ. ಅವನು ಅದನ್ನು ಎತ್ತಿದಾಗ ನಾನು ನನ್ನ ಕಿವಿ ಮುಚ್ಚಿಕೊಂಡೆ. ಅವನು ನಕ್ಕ.

“ಏನವ್ವ ಇದು, ಕತ್ತಲೆ ಮಾಡ್ತಾವ್ರೆ? ನನ್ ಕಣ್ಗೆ ಮೊದ್ಲೇ ಕತ್ತಲೆ ಬತ್ತಾ ಐತೆ,” ಅಂದಳು ಅವ್ವ.

“ಪರದೆ ಹತ್ರ ಬಾ ಅವ್ವ. ಇನ್ನೂ ಹತ್ರ,” ಅಂದರು ಅಮ್ಮಾರು.

ಒಂದು ಗೇಣು ದೂರಕ್ಕೆ ಮುಖ ತಂದು ಕೂತಳು. ಮೊದಲ ಮುಖ ಬಂತು.

“ಯಾರಪ್ಪ ಇವ್ನು? ತಡಿ. ಈ ಮೂಗು ಗುರ್ತೈತೆ. ಕೆರೆಮುಂದ್ಲೋರ ಮನೆ ಮೂಗು!”

ಎರಡನೆಯದು ಬಂತು. ಮೂರನೆಯದು.

“ಇವ್ಳು ಅಳ್ನೇ ಇಲ್ಲ ಕಣವ್ವ. ಎರಡೇಟು ಕೊಟ್ಮೇಲೆ ಅತ್ಲು. ನೋಡು ಈಗ, ಪೊಲೀಸಂತೆ! ನಾನು ಪೊಲೀಸ್ಗೇ ಹೊಡೆದೋಳು!”

ಅವಳಿಗಳು ಬಂದಾಗ ಬೆರಳೆತ್ತಿ ಪರದೆಯ ಮೇಲೆ ಒಬ್ಬನ ಹಣೆ ಮುಟ್ಟಿ, “ಮೊದ್ಲು ಬಂದಿದ್ದು ಇವ್ನು. ಆ ಇನ್ನೊಬ್ಬ ಸುಳ್ಳ,” ಅಂದಳು. ಮೊದಲ ಕೂಸಾಗಿದ್ದ ಮುದುಕ ಬಂದಾಗ ಮಾತು ನಿಂತಿತು. ಅವನು ಅಲ್ಲಿ ಕೈ ಮುಗಿದ. ಅವಳು ಇಲ್ಲಿ ಕೈ ಮುಗಿದಳು.

ಆಮೇಲೆ ನಮ್ಮಪ್ಪ ಬಂದ. ಗೂಡು, ಕೆಂಪು ಧೂಳು, ಒದ್ದ ಕಥೆ.

ಚೆಲುವಾಜವ್ವ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

“ಒದ್ದೋನು! ನೆಪ್ಪಿಲ್ದೆ ಏನು! ಈ ಹಲ್ಲು ಅವತ್ತಿಂದ ಅಲ್ಲಾಡ್ತಾ ಐತೆ. ಎಲ್ಲವ್ನೆ ಅವ್ನು? ಅವನ ಮುಖ ಯಾಕಿಲ್ಲ ಇದ್ರಲ್ಲಿ?”

ಅಮ್ಮಾರು ಸಿನಿಮಾ ನಿಲ್ಲಿಸಿದರು. ಫ್ಯಾನಿನ ಸದ್ದು ಮಾತ್ರ.

ನಾನು ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದೆ. ಎದೆಯಲ್ಲಿ ಏನೋ ತುಂಬಿಕೊಂಡು ಮೈಯೆಲ್ಲ ಜುಮ್ಮೆನ್ನುತ್ತಿತ್ತು, ಕಂಬಳಿ ನೂರು ಸಲ ಉಜ್ಜಿದ ಹಾಗೆ. ಅವ್ವ ಕತ್ತಲಲ್ಲಿ ಕೈ ಚಾಚಿ ಹುಡುಕುತ್ತಿದ್ದಳು.

ಅವಳ ಹತ್ತಿರ ಹೋಗಬೇಕಿತ್ತು. ನನ್ನ ಕೈ ತಾನಾಗಿಯೇ ಬಣ್ಣ ಬಳಿಯದ ಜಾಗದ ಕಡೆ ಹೋಯಿತು.

ಅಮ್ಮಾರು ಆ ಕೈ ಹಿಡಿದರು.

“ಬುಡ್ಲಾ, ಇದನ್ನ ಇಳಿಸ್ಬೇಡ. ಅಂಗೇ ಹೋಗಿ ಮುಟ್ಟು.”